ಸರ್ವರ್ ಸತ್ತಿರಲಿಲ್ಲ

ರಾಮದುರ್ಗ ತಾಲ್ಲೂಕಿನ ಕಟಕೋಳ ನನ್ನೂರು. ಊರಿಗೆ ಹೋದರೆ ಕಾಕಾನ ಕಾಗದಪತ್ರದ ಯಾವುದಾದರೊಂದು ಕೆಲಸ ನನ್ನ ಕೊರಳಿಗೆ ಬೀಳುವುದು ಖಾತ್ರಿ. ಹೋದ ಸಲವೂ ಹಾಗೇ ಆಯಿತು. ಸೇವಾ ಕೇಂದ್ರದಲ್ಲಿ ಕಂಪ್ಯೂಟರ್ ಮುಂದೆ ಕೂತ ಹುಡುಗ ಪರದೆಯಿಂದ ಕಣ್ಣು ಕೀಳದೆ, ‘ಸರ್ವರ್ ಇಲ್ರಿ ಕಾಕಾ, ನಾಳಿಗಿ ಬರ್ರಿ’ ಅಂದ. ಅದು ಮೂರನೆಯ ನಾಳೆ. ಕಾಕಾ ಸಿಟ್ಟಾಗಲಿಲ್ಲ. ಹೊರಗೆ ಬಂದು ಕಟ್ಟೆಯ ಮೇಲೆ ಕೂತು, ಎಲೆಅಡಿಕೆ ಚೀಲ ಬಿಚ್ಚಿ, ಸಾವಕಾಶ ಕೇಳಿದ: ‘ಅಲ್ಲೋ ತಮ್ಮಾ, ನೀನೂ ಕಂಪ್ಯೂಟರ್ ಕೆಲಸದಾಂವ. ಈ ಸರ್ವರ್ ಅನ್ನಾಂವ ಮನಶ್ಯಾನೋ, ಮಶಿನ್ನೋ? ಒಂದಿನ ಇರ್ತಾನ, ಎರಡ ದಿನ ಇರೂದಿಲ್ಲ.’

ನಕ್ಕು ಸುಮ್ಮನಾದೆ. ಪ್ರಶ್ನೆ ಮಾತ್ರ ಬೆನ್ನು ಬಿಡಲಿಲ್ಲ.

ಹಿಂದೆ ನಮ್ಮ ಕಡೆ ‘ತಲಾಟಿ ಊರಾಗಿಲ್ಲ’ ಎಂಬ ಮಾತಿತ್ತು. ಉತಾರ, ಅಂದರೆ ಪಹಣಿ, ಬೇಕೆಂದರೆ ಊರ ಲೆಕ್ಕಿಗನಾದ ತಲಾಟಿ ಸಿಗಬೇಕು. ಅವನು ಸಂತೆಗೆ ಹೋಗಿರುತ್ತಿದ್ದ, ತಾಲ್ಲೂಕಿಗೆ ಹೋಗಿರುತ್ತಿದ್ದ, ಒಮ್ಮೊಮ್ಮೆ ಮನೆಯಲ್ಲಿದ್ದೂ ಇರುತ್ತಿರಲಿಲ್ಲ. ಈ ಶತಮಾನದ ಆರಂಭದಲ್ಲಿ ರಾಜೀವ್ ಚಾವ್ಲಾ ಅವರ ಉಸ್ತುವಾರಿಯಲ್ಲಿ ‘ಭೂಮಿ’ ಯೋಜನೆ ಬಂದು, ತಾಲ್ಲೂಕು ಕಚೇರಿಗಳಲ್ಲಿ ಪಹಣಿ ಕಂಪ್ಯೂಟರಿನಿಂದ ಹೊರಬೀಳತೊಡಗಿತು. ಕೈಬರಹದ ಉತಾರದ ಕಾಲ ಮುಗಿಯಿತು. ಅದು ದೊಡ್ಡ ಕೆಲಸ, ಅದನ್ನು ಸಣ್ಣದು ಮಾಡಬಾರದು. ಆದರೆ ‘ತಲಾಟಿ ಇಲ್ಲ’ ಎಂಬ ಮಾತು ಖಾಲಿ ಮಾಡಿಹೋದ ಜಾಗಕ್ಕೆ ‘ಸರ್ವರ್ ಇಲ್ಲ’ ಬಂದು ಕೂತಿತು. 2023ರ ಜೂನ್ 18ರಂದು ಗೃಹಜ್ಯೋತಿಗೆ ಸೇವಾಸಿಂಧುವಿನಲ್ಲಿ ನೋಂದಣಿ ಶುರುವಾದಾಗ ಮನೆಮನೆಯವರೂ ಈ ಎರಡು ಶಬ್ದ ಕಲಿತರು. ತಲಾಟಿಯಾದರೆ ಎಲ್ಲಿ ಹೋಗಿದ್ದಾನೆ ಎಂದಾದರೂ ಕೇಳಬಹುದಿತ್ತು. ಸರ್ವರ್ ಎಲ್ಲಿ ಹೋಗಿದೆ ಎಂದು ಯಾರು ಕೇಳುತ್ತಾರೆ?

ನಾನು ಕೇಳುತ್ತೇನೆ. ಅದು ನನ್ನ ಹೊಟ್ಟೆಪಾಡು. ಹಾಗೆ ಕೇಳುತ್ತಾ ಹೋದ ಒಂದು ದಿನದ ಕಥೆಯನ್ನು ಇಲ್ಲಿ ಹೇಳುತ್ತೇನೆ. ಇದು ಕಾಕಾ ನೋಡಿದ ಸರ್ವರ್‌ನ ಕಥೆಯಲ್ಲ, ಅದಕ್ಕಿಂತ ಒಳಗೆ, ಕಚೇರಿಯ ಹಿಂದಿನ ಕೋಣೆಯಲ್ಲಿ ಧೂಳು ತಿನ್ನುತ್ತಾ ನಿಂತಿರುವ ಅಪ್‌ಡೇಟ್ ಸರ್ವರ್‌ನದು. ಗಿರಾಕಿಗಳು ಇದರ ಮುಖ ನೋಡಿರುವುದಿಲ್ಲ. ಎಷ್ಟೋ ಕಚೇರಿಗಳಲ್ಲಿ ಮ್ಯಾನೇಜರೂ ನೋಡಿರುವುದಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಬುಧವಾರ ಮುಂಜಾನೆ ಹತ್ತೂವರೆಗೆ ಫೋನು ಬಂತು. ಬೆಳಗಾವಿ ಜಿಲ್ಲೆಯಲ್ಲಿ ಹಲವು ಶಾಖೆಗಳಿರುವ ಸಂಸ್ಥೆ, ಹೆಸರು ಬೇಡ. ಅಲ್ಲಿನ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವ ಹುಡುಗ ಗಾಬರಿಯಲ್ಲಿದ್ದ.

‘ಅಣ್ಣಾರ, ಅಪ್‌ಡೇಟ್ ಸರ್ವರ್ ಸತ್ತೈತ್ರಿ.’

‘ಸತ್ತೈತಿ ಅಂತ ಯಾರ್ ಹೇಳಿದ್ರು?’

‘ಕನ್ಸೋಲ್ ತಗದ್ರ ಕೆಂಪ್ ಗುರ್ತು ಬರಾಕತ್ತೈತ್ರಿ. ರಿಸೆಟ್ ಸರ್ವರ್ ನೋಡ್ ಅಂತೈತಿ. ಒತ್ತೇ ಒತ್ತಿದೆ, ಏನೂ ಆಗವಲ್ದು. ಮೂರ್ ಸಲ ರೀಸ್ಟಾರ್ಟೂ ಮಾಡೇನ್ರಿ.’

‘ಅದನ್ನ ಬಿಡು. ಶಾಖೆಯ ಒಂದ್ ಕಂಪ್ಯೂಟರಿನ್ಯಾಗ ಅಪ್‌ಡೇಟ್ ಒತ್ತಿ, ಏನ್ ನಂಬರ್ ಬರ್ತೈತಿ ಹೇಳು.’

ಐದು ನಿಮಿಷ ಬಿಟ್ಟು ಓದಿ ಹೇಳಿದ. ಕೊನೆಯ ಎಂಟು ಅಂಕಿ: 80244022.

ಆ ಅಂಕಿ ಕೇಳಿದ ಮೇಲೆ ನನ್ನ ಎದೆ ಹಗುರಾಯಿತು. ಯಾಕೆಂದು ಹೇಳಬೇಕಾದರೆ ಅಪ್‌ಡೇಟ್ ಸರ್ವರ್ ಎಂದರೇನು ಎಂಬಲ್ಲಿಂದ ಬರಬೇಕು.

ವಿಂಡೋಸ್ ಒಂದು ಕೌದಿ. ಹರಿದಲ್ಲಿ ತೇಪೆ, ತೇಪೆಯ ಮೇಲೆ ತೇಪೆ. 2003ರ ಅಕ್ಟೋಬರಿನಿಂದ ಮೈಕ್ರೋಸಾಫ್ಟ್ ಈ ತೇಪೆಗಳನ್ನು ತಿಂಗಳ ಎರಡನೆಯ ಮಂಗಳವಾರ ಒಟ್ಟಿಗೆ ಬಿಡುವ ರೂಢಿ ಹಾಕಿಕೊಂಡಿದೆ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ ಹತ್ತು ಗಂಟೆ ಎಂದರೆ ನಮ್ಮಲ್ಲಿ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಹಾಗಾಗಿ ಅವರ ಮಂಗಳವಾರ ನಮ್ಮ ಕಚೇರಿಗಳಿಗೆ ಬಂದು ಮುಟ್ಟುವುದು ಬುಧವಾರ. ನನ್ನ ವೃತ್ತಿಯವರಿಗೆ ಎರಡನೆಯ ಮಂಗಳವಾರದ ಮರುದಿನ ಫೋನ್ ಬಂದರೆ ಅರ್ಧ ರೋಗ ಫೋನ್ ಎತ್ತುವ ಮೊದಲೇ ಗೊತ್ತಾಗಿರುತ್ತದೆ.

ಒಂದು ಸಂಸ್ಥೆಯಲ್ಲಿ ಮುನ್ನೂರು ಕಂಪ್ಯೂಟರ್ ಇದ್ದರೆ, ಮುನ್ನೂರೂ ಅಮೆರಿಕಕ್ಕೆ ಕೈಚಾಚಿ ಒಂದೇ ಫೈಲನ್ನು ಮುನ್ನೂರು ಸಲ ಎಳೆದರೆ ಹಳ್ಳಿ ಶಾಖೆಯ ಸಣ್ಣ ಲೈನು ಉಸಿರುಗಟ್ಟುತ್ತದೆ. ಅದಕ್ಕೇ ಒಂದು ಸರ್ವರ್ ಒಂದೇ ಸಲ ತರಿಸಿ ಎಲ್ಲರಿಗೂ ಹಂಚಲಿ ಎಂಬ ಏರ್ಪಾಡು 2002ರಲ್ಲಿ ಬಂತು. 2005ರಲ್ಲಿ ಅದು ಬೆಳೆದು ವಿಂಡೋಸ್ ಸರ್ವರ್ ಅಪ್‌ಡೇಟ್ ಸರ್ವಿಸಸ್ ಆಯಿತು. ನಮ್ಮ ಬಾಯಲ್ಲಿ ಡಬ್ಲ್ಯುಸಸ್. ಮುನವಳ್ಳಿ ಹತ್ತಿರದ ನವಿಲುತೀರ್ಥ ಜಲಾಶಯ ನೋಡಿದವರಿಗೆ ಇದು ಹೊಸದಲ್ಲ. ನೀರು ಅಣೆಕಟ್ಟಿನಿಂದ ಮುಖ್ಯ ಕಾಲುವೆಗೆ, ಅಲ್ಲಿಂದ ಉಪಕಾಲುವೆಗೆ, ಅಲ್ಲಿಂದ ಹೊಲಗಾಲುವೆಗೆ. ಡಬ್ಲ್ಯುಸಸ್ ಒಂದು ಉಪಕಾಲುವೆಯ ಗೇಟು. ಗೇಟಿನಲ್ಲಿ ಒಬ್ಬ ಮನುಷ್ಯ ಇರುತ್ತಾನೆ. ಹೊಸ ತೇಪೆ ಬಂದರೆ ಮೊದಲು ನಾಲ್ಕಾರು ಕಂಪ್ಯೂಟರಿಗೆ ಬಿಟ್ಟು, ಎರಡು ದಿನ ನೋಡಿ, ಆಮೇಲೆ ಉಳಿದವಕ್ಕೆ ಬಿಡುವ ಅಧಿಕಾರ ಅವನದು. ಈ ಅಧಿಕಾರದ ಬೆಲೆ ಏನೆಂಬುದಕ್ಕೆ ಆಮೇಲೆ ಬರುತ್ತೇನೆ.

ಈಗ ಆ ಅಂಕಿ. ಜಾಲದಲ್ಲಿ ಒಂದು ಕಂಪ್ಯೂಟರ್ ಇನ್ನೊಂದನ್ನು ಏನಾದರೂ ಕೇಳಿದಾಗ ಉತ್ತರದ ತಲೆಯ ಮೇಲೆ ಮೂರಂಕಿಯ ಒಂದು ಸಂಖ್ಯೆ ಇರುತ್ತದೆ. 200 ಎಂದರೆ ತಗೋ. 404 ಎಂದರೆ ನೀ ಕೇಳಿದ್ದು ಇಲ್ಲಿಲ್ಲ. ನಾಲ್ಕರಿಂದ ಶುರುವಾದರೆ ತಪ್ಪು ಕೇಳಿದವನ ಕಡೆ, ಐದರಿಂದ ಶುರುವಾದರೆ ಕೊಡುವವನ ಕಡೆ. ಹುಡುಗ ಓದಿದ 80244022 ಎಂಬ ಉದ್ದನೆಯ ಅಂಕಿಯ ಒಳಗೆ ಅಡಗಿದ್ದು 503. ‘ನಾನಿದ್ದೇನೆ, ಆದರೆ ಸದ್ಯಕ್ಕೆ ಕೊಡಲಾರೆ’ ಎಂದು ಅದರ ಅರ್ಥ.

ಸತ್ತ ಸರ್ವರ್ ಹೀಗೆ ಹೇಳಲಾರದು. 503 ಎಂದು ಹೇಳಲು ಯಾರೋ ಬದುಕಿರಲೇಬೇಕು. ಅದೇ ಕಂಪ್ಯೂಟರ್ 80072ಇಇ2 ಎಂದಿದ್ದರೆ ಕಾದು ಕಾದು ಉತ್ತರವೇ ಬರಲಿಲ್ಲ ಎಂದಾಗುತ್ತಿತ್ತು. ಆಗ ಲೈನು, ಫೈರ್‌ವಾಲ್ ಕಡೆ ನೋಡಬೇಕು. 8024402ಸಿ ಎಂದಿದ್ದರೆ ಸರ್ವರ್‌ನ ಹೆಸರೇ ಸಿಗಲಿಲ್ಲ, ಅಂದರೆ ವಿಳಾಸ ಹೇಳುವ ವ್ಯವಸ್ಥೆ ಅಥವಾ ಪ್ರಾಕ್ಸಿ ಕೆಟ್ಟಿದೆ. ಮೂರು ಅಂಕಿ, ಮೂರು ಬೇರೆ ದಾರಿ. ‘ಸರ್ವರ್ ಡೌನ್’ ಎಂಬ ಮಾತು ಈ ಮೂರನ್ನೂ ಒಂದೇ ಮೂಟೆಯಲ್ಲಿ ಕಟ್ಟಿ ಮೂಲೆಗೆ ಎಸೆಯುತ್ತದೆ. ಆ ಮಾತಿನ ಮೇಲೆ ನನಗಿರುವ ಸಿಟ್ಟು ಇದೇ.

ಹಾಗಾದರೆ ಮಾತಾಡಿದವನು ಯಾರು? ಸರ್ವರ್‌ನ ಒಳಗನ್ನು ಒಂದು ಖಾನಾವಳಿ ಅಂದುಕೊಳ್ಳಿ. ಬಾಗಿಲಲ್ಲಿ ಒಬ್ಬ ನಿಂತಿದ್ದಾನೆ, ಬಂದವರನ್ನು ಸಾಲಿನಲ್ಲಿ ನಿಲ್ಲಿಸುತ್ತಾನೆ. ಒಳಗೆ ಅಡುಗೆಮನೆ. ಡಬ್ಲ್ಯುಸಸ್‌ನಲ್ಲಿ ಆ ಅಡುಗೆಮನೆಗೆ ಡಬ್ಲ್ಯುಸಸ್ ಪೂಲ್ ಎಂದು ಹೆಸರು, ಐಐಎಸ್ ಎಂಬ ವೆಬ್ ಸರ್ವರ್ ತಂತ್ರಾಂಶದ ಒಳಗೆ ಕೂತಿರುತ್ತದೆ. ಅದರ ಹಿಂದೆ ಉಗ್ರಾಣ: ಎಲ್ಲ ತೇಪೆಗಳ ಜಾತಕ ಬರೆದಿಟ್ಟ ಡೇಟಾಬೇಸ್. ಬಾಗಿಲಿನವನು ‘ಊಟ ಇಲ್ಲ’ ಎನ್ನಲು ಎರಡು ಕಾರಣ ಇರಬಹುದು. ಸಾಲು ತುಂಬಿದೆ, ಅಥವಾ ಒಲೆ ಆರಿದೆ. ಹೊರಗಿನವರಿಗೆ ಕೇಳುವುದು ಒಂದೇ ಮಾತು, 503. ಒಳಗಿನ ಕಾರಣವನ್ನು ಮಾತ್ರ ಬಾಗಿಲಿನವನು ತನ್ನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ವಿಂಡೋಸ್‌ನ ಸಿಸ್ಟಂ 32 ಫೋಲ್ಡರಿನ ಕೆಳಗೆ ಲಾಗ್ ಫೈಲ್ಸ್, ಅದರೊಳಗೆ ಎಚ್‌ಟಿಟಿಪಿ ಎರರ್ ಎಂಬ ಕಡತ. ಅಲ್ಲಿ ‘ಕ್ಯೂ ಫುಲ್’ ಎಂದಿದ್ದರೆ ಸಾಲು ತುಂಬಿದೆ. ‘ಆ್ಯಪ್ ಆಫ್‌ಲೈನ್’ ಎಂದಿದ್ದರೆ ಒಲೆ ಆರಿದೆ. ವರ್ಷಗಟ್ಟಲೆ ಸರ್ವರ್ ನೋಡಿಕೊಂಡವರಲ್ಲೂ ಈ ಪುಸ್ತಕ ತೆರೆದು ನೋಡಿದವರು ಕಡಿಮೆ.

ನಾನು ಅಲ್ಲಿ ಹೋಗಿ ತಲುಪುವ ಹೊತ್ತಿಗೆ ಹನ್ನೆರಡಾಗಿತ್ತು. ಹುಡುಗ ಡಬ್ಲ್ಯುಸಸ್ ಪೂಲನ್ನು ಸ್ಟಾರ್ಟ್ ಮಾಡಿ ತೋರಿಸಿದ. ನಾಲ್ಕು ನಿಮಿಷ ಓಡಿ ನಿಂತಿತು. ಮತ್ತೆ ಸ್ಟಾರ್ಟ್, ಮತ್ತೆ ನಿಂತಿತು. ಕಡತ ತೆರೆದೆವು. ಹತ್ತು ಗಂಟೆಯಿಂದ ಸಾಲುಸಾಲು ‘ಕ್ಯೂ ಫುಲ್’, ಹತ್ತೂ ಕಾಲರ ಮೇಲೆ ‘ಆ್ಯಪ್ ಆಫ್‌ಲೈನ್’. ಮೊದಲು ಗದ್ದಲ, ಆಮೇಲೆ ಒಲೆ ಆರಿದ್ದು.

‘ಹತ್ತಕ್ಕ ಏನಾತು?’ ಕೇಳಿದೆ.

‘ಏನಿಲ್ರಿ, ಮುಂಜಾನಿಂದ ಕರೆಂಟ್ ಇರಲಿಲ್ಲ. ಹತ್ತಕ್ಕ ಬಂತು.’

ಅಲ್ಲಿಗೆ ಅರ್ಧ ಚಿತ್ರ ಸಿಕ್ಕಿತು. ವಿಂಡೋಸ್ ಕಂಪ್ಯೂಟರುಗಳು ಸಾಮಾನ್ಯವಾಗಿ 22 ಗಂಟೆಗೊಮ್ಮೆ ಅಪ್‌ಡೇಟ್ ಇದೆಯೇ ಎಂದು ಕೇಳುತ್ತವೆ, ಎಲ್ಲವೂ ಒಮ್ಮೆಲೇ ಕೇಳದಿರಲೆಂದು ಆ ಹೊತ್ತನ್ನು ಸ್ವಲ್ಪ ಹಿಂದೆಮುಂದೆ ಚದುರಿಸಿಕೊಳ್ಳುತ್ತವೆ. ಅಮೆರಿಕದ ಕಚೇರಿಯಲ್ಲಿ, ಹಗಲುರಾತ್ರಿ ಓಡುವ ಯಂತ್ರಗಳಲ್ಲಿ, ಅದು ಚೆನ್ನಾಗಿ ನಡೆದೀತು. ನಮ್ಮಲ್ಲಿ ಸಂಜೆ ಐದೂವರೆಗೆ ಎಲ್ಲ ಸ್ವಿಚ್ ಆಫ್, ಮುಂಜಾನೆ ಕರೆಂಟು ಬಂದ ಕೂಡಲೇ ಎಲ್ಲ ಆನ್. ಹೊತ್ತು ಮೀರಿದ ಎಲ್ಲ ಕಂಪ್ಯೂಟರುಗಳೂ ಒಂದೇ ಗಳಿಗೆಯಲ್ಲಿ ಬಾಗಿಲಿಗೆ ಬಂದವು. ಅದೂ ಎರಡನೆಯ ಮಂಗಳವಾರದ ಮರುದಿನ.

ಇನ್ನರ್ಧ ಸೆಟ್ಟಿಂಗಿನಲ್ಲಿತ್ತು. ಡಬ್ಲ್ಯುಸಸ್ ಪೂಲಿಗೆ ಹುಟ್ಟಿನಿಂದ ಬಂದ ಮೆಮೊರಿ ಮಿತಿ 18,43,200 ಕಿಲೋಬೈಟ್, ಅಂದರೆ 1.8 ಜಿಬಿ ಹತ್ತಿರ. ಸಾಲಿನ ಮಿತಿ 1000. ಕಂಪ್ಯೂಟರೊಂದು ‘ನನಗೇನು ಬೇಕು?’ ಎಂದು ಕೇಳಿದರೆ ಸರ್ವರ್ ತೇಪೆಗಳ ಇಡೀ ಜಾತಕಪಟ್ಟಿಯನ್ನು ಉಗ್ರಾಣದಿಂದ ತಂದು ಮೆಮೊರಿಯಲ್ಲಿ ಹರಡಿಕೊಳ್ಳಬೇಕು. ಪಟ್ಟಿ ದೊಡ್ಡದಿದ್ದರೆ 1.8 ಜಿಬಿ ಸಾಲದು. ಮಿತಿ ಮೀರಿದ ಕೂಡಲೇ ಐಐಎಸ್ ಅಡುಗೆಯವನನ್ನು ಎಬ್ಬಿಸಿ ಹೊಸಬನನ್ನು ಕೂರಿಸುತ್ತದೆ. ಹೊಸಬ ಮತ್ತೆ ಮೊದಲಿನಿಂದ ಪಟ್ಟಿ ಹರಡಬೇಕು. ಅಷ್ಟರಲ್ಲಿ ಅರ್ಧ ಊಟದಲ್ಲಿ ಎದ್ದವರು ಸಾಲಿನ ತುದಿಗೆ ಬಂದು ಮತ್ತೆ ನಿಂತಿರುತ್ತಾರೆ. ಕೆಲಸದ ಪ್ರಕ್ರಿಯೆ ಐದು ನಿಮಿಷದಲ್ಲಿ ಐದು ಸಲ ಕುಸಿದುಬಿದ್ದರೆ ‘ಸಾಕು’ ಎಂದು ಒಲೆಯನ್ನೇ ಆರಿಸಿಬಿಡುವ ಕಟ್ಟಳೆಯೊಂದು ಐಐಎಸ್‌ನಲ್ಲಿದೆ. ಸರ್ವರನ್ನು ಕಾಪಾಡಲು ಇಟ್ಟ ಕಟ್ಟಳೆ ಅದು, ಹೊರಗಿನವರಿಗೆ ಸಾವಿನ ಹಾಗೆ ಕಾಣುತ್ತದೆ.

ಹುಡುಗ ಮೂರು ಸಲ ರೀಸ್ಟಾರ್ಟ್ ಮಾಡಿದ್ದ. ಪ್ರತಿ ಸಲವೂ ಹರಡಿದ ಪಟ್ಟಿ ಮಡಚಿಹೋಗಿ, ಎಲ್ಲ ಮೊದಲಿನಿಂದ. ನಮ್ಮಲ್ಲಿ ರೀಸ್ಟಾರ್ಟ್ ಎಂಬುದು ತೆಂಗಿನಕಾಯಿ ಒಡೆದ ಹಾಗೆ. ಒಡೆದರೆ ಒಳ್ಳೆಯದಾಗದಿದ್ದರೂ ಕೆಟ್ಟದ್ದಂತೂ ಆಗದು ಎಂಬ ನಂಬಿಕೆ. ಇಲ್ಲಿ ಕೆಟ್ಟದ್ದಾಗಿತ್ತು.

ಮಾಡಿದ ಮೊದಲ ಕೆಲಸವೆಂದರೆ ಬಾಗಿಲು ಹಾಕಿದ್ದು. ಡಬ್ಲ್ಯುಸಸ್ ಮಾತಾಡುವುದು 8530 ಎಂಬ ಪೋರ್ಟಿನಲ್ಲಿ, ಗುಪ್ತಲಿಪಿಯಲ್ಲಾದರೆ 8531. ಫೈರ್‌ವಾಲಿನಲ್ಲಿ ಅವೆರಡನ್ನೂ ಶಾಖೆಗಳಿಗೆ ಮುಚ್ಚಿದೆ.

‘ಬಂದ್ ಮಾಡೂದ ರಿಪೇರಿ ಏನ್ರಿ?’ ಹುಡುಗನಿಗೆ ಅನುಮಾನ.

‘ಕಾಲುವಿ ಒಡದ್ರ ಮೊದಲ ಏನ್ ಮಾಡ್ತಾರೋ?’

‘ಗೇಟ್ ಇಳಸ್ತಾರ್ರಿ.’

ಗೇಟ್ ಇಳಿಸಿದ ಮೇಲೆ ಮೆಮೊರಿ ಮಿತಿಯನ್ನು ಏರಿಸಿದೆವು, ಸಾಲನ್ನು 2000 ಮಾಡಿದೆವು. ಇದು ನನ್ನ ಸ್ವಂತ ಬುದ್ಧಿಯಲ್ಲ, ಮೈಕ್ರೋಸಾಫ್ಟೇ ಹೀಗೆ ಮಾಡಿರೆಂದು ವರ್ಷಗಳಿಂದ ಹೇಳುತ್ತಾ ಬಂದಿದೆ. ಹೇಳುವ ಬದಲು ಹುಟ್ಟಿನ ಮಿತಿಯನ್ನೇ ಏರಿಸಬಹುದಿತ್ತಲ್ಲ ಎಂಬುದು ಬೇರೆ ಮಾತು. ಯಂತ್ರದಲ್ಲಿ ಅಷ್ಟು ರ್‍ಯಾಮ್ ಇದೆಯೇ ಎಂದು ಮೊದಲು ನೋಡಿಕೊಳ್ಳಬೇಕು, ಇಲ್ಲದ ಜೋಳವನ್ನು ಬೀಸಲಾಗುವುದಿಲ್ಲ. ಪೂಲ್ ಶುರುಮಾಡಿ, ಅದು ತನ್ನ ಪಟ್ಟಿ ಹರಡಿಕೊಳ್ಳುವ ತನಕ ಚಹಾ ಕುಡಿದೆವು. ಆಮೇಲೆ ಪಾಳಿ. ಕಾಲುವೆಯ ನೀರನ್ನು ಹೊಲಕ್ಕೆ ಪಾಳಿಯ ಮೇಲೆ ಬಿಡುವ ಹಾಗೆ, ಮೊದಲು ಬೈಲಹೊಂಗಲ ಕಡೆಯ ಶಾಖೆಗಳು, ಅವು ತಣ್ಣಗಾದ ಮೇಲೆ ಕಿತ್ತೂರು, ಆಮೇಲೆ ಸವದತ್ತಿ, ಕೊನೆಗೆ ರಾಮದುರ್ಗ. ಕಾಲುವೆಯ ತುದಿಗೆ ನೀರು ಕೊನೆಗೇ ಬರುವುದು ಎಂದು ನಮ್ಮ ತಾಲ್ಲೂಕಿನವನಾದ ನಾನೇ ಬರೆದದ್ದಾಯಿತು. ನಾಲ್ಕು ಗಂಟೆಗೆ ಎಲ್ಲ ಕಡೆಯಿಂದ 200 ಬರತೊಡಗಿತು.

ಆದರೆ ಇದು ಜ್ವರ ಇಳಿಸಿದ್ದು ಮಾತ್ರ. ಪಟ್ಟಿ ಅಷ್ಟು ದೊಡ್ಡದಾದದ್ದು ಯಾಕೆ?

ಡೇಟಾಬೇಸ್ ತೆರೆದರೆ ಹೂಳು. ಮೈಕ್ರೋಸಾಫ್ಟ್ ಪ್ರತಿ ತಿಂಗಳು ಹೊಸ ತೇಪೆ ಕೊಡುವಾಗ ಹಿಂದಿನ ತಿಂಗಳದ್ದು ಹಳತಾಗುತ್ತದೆ. ಹೊಸದರೊಳಗೆ ಹಳೆಯದೂ ಸೇರಿಕೊಂಡಿರುತ್ತದೆ. ಹಳತನ್ನು ಬೇಡವೆಂದು ಗುರುತು ಹಾಕಿ ತೆಗೆಯಬೇಕಾದದ್ದು ಮನುಷ್ಯ. ಇಲ್ಲಿ ಸರ್ವರ್ ಹಚ್ಚಿದ ದಿನದಿಂದ ಯಾರೂ ತೆಗೆದಿರಲಿಲ್ಲ. ಹಚ್ಚಿದವರು ಮೊದಲ ದಿನ ಎಲ್ಲ ಭಾಷೆಗಳಿಗೂ ಟಿಕ್ ಹಾಕಿದ್ದರು. ರಾಮದುರ್ಗದ ಶಾಖೆಗೆ ಪೋರ್ಚುಗೀಸ್ ಭಾಷೆಯ ಆಫೀಸ್ ತೇಪೆ ಯಾತಕ್ಕೆ? ಡ್ರೈವರುಗಳಿಗೂ ಟಿಕ್, ಈ ಲೋಕದಲ್ಲಿ ಇರುವ ಪ್ರಿಂಟರು, ಗ್ರಾಫಿಕ್ಸ್ ಕಾರ್ಡುಗಳ ಜಾತಕವೆಲ್ಲ ಒಳಗೆ ಬಂದು ಬಿದ್ದಿತ್ತು. ಆಮೇಲೆ ಬಿಲ್ಲು ತೆಗೆದುಕೊಂಡು ಹೋದವರು ಮತ್ತೆ ಬರಲಿಲ್ಲ, ಕರೆಯಲೂ ಇಲ್ಲ.

ಸ್ವಚ್ಛ ಮಾಡಲೆಂದೇ ಡಬ್ಲ್ಯುಸಸ್‌ನಲ್ಲಿ ಕ್ಲೀನಪ್ ವಿಝಾರ್ಡ್ ಇದೆ. ತಿಂಗಳಿಗೊಮ್ಮೆ ಓಡಿಸಿದರೆ ಚಂದ ಓಡುತ್ತದೆ. ವರ್ಷಗಟ್ಟಲೆ ಬಿಟ್ಟು ಓಡಿಸಿದರೆ ಹೂಳೆತ್ತಲು ಇಳಿದ ಯಂತ್ರವೇ ಹೂಳಿನಲ್ಲಿ ಸಿಕ್ಕಿಕೊಂಡ ಹಾಗೆ, ಅರ್ಧಕ್ಕೆ ಸುಸ್ತಾಗಿ ನಿಲ್ಲುತ್ತದೆ. ಆಗ ಕೈಯಿಂದಲೇ ಮಾಡಬೇಕು: ಮೊದಲು ಡೇಟಾಬೇಸಿನ ಬ್ಯಾಕಪ್, ಆಮೇಲೆ ಅದರ ಇಂಡೆಕ್ಸ್ ಸರಿಪಡಿಸುವುದು, ಆಮೇಲೆ ಹೊಸದು ಬಂದು ಹಳತಾದ ತೇಪೆಗಳನ್ನು ತಿರಸ್ಕರಿಸುವುದು, ಕೊನೆಗೆ ಕಸವನ್ನು ಸ್ವಲ್ಪಸ್ವಲ್ಪವೇ ಅಳಿಸುವುದು. ತಿರಸ್ಕರಿಸುವ ಮುನ್ನ ಅದರ ಬದಲಿಗೆ ಬಂದ ಹೊಸ ತೇಪೆಗೆ ಒಪ್ಪಿಗೆ ಕೊಟ್ಟಿದ್ದೇವೆಯೇ ಎಂದು ನೋಡಲೇಬೇಕು, ಇಲ್ಲದಿದ್ದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ ಎಂದಾಗುತ್ತದೆ. ಶುಕ್ರವಾರ ರಾತ್ರಿ ಶುರುಮಾಡಿದ್ದು ರವಿವಾರ ಮುಂಜಾನೆ ಮುಗಿಯಿತು. ಸೋಮವಾರ ಕನ್ಸೋಲ್ ತೆರೆಯಲು ಹಿಡಿದದ್ದು ಕೆಲವೇ ಸೆಕೆಂಡು. ಹುಡುಗ ಎರಡು ಸಲ ಮುಚ್ಚಿ ತೆರೆದು ನೋಡಿದ.

ಸರ್ವರ್ ಕೊಳ್ಳಲು ನಮ್ಮಲ್ಲಿ ಟೆಂಡರ್ ಇದೆ, ಹಚ್ಚುವ ದಿನ ಪೂಜೆ ಇದೆ, ಕುಂಕುಮ ಹಚ್ಚಿ ಫೋಟೋ ತೆಗೆಯುವುದಿದೆ. ತಿಂಗಳಿಗೊಮ್ಮೆ ಒಬ್ಬ ಮನುಷ್ಯ ಎರಡು ತಾಸು ಕೂತು ಕಸ ತೆಗೆಯಲು ಮಾತ್ರ ಯಾವ ಬಜೆಟ್ಟಿನಲ್ಲೂ ಸಾಲು ಇರುವುದಿಲ್ಲ. ನಾನು ಇಷ್ಟು ವರ್ಷದಲ್ಲಿ ನೋಡಿದ ‘ಸತ್ತ’ ಸರ್ವರುಗಳಲ್ಲಿ ಹೆಚ್ಚಿನವು ಆ ಇಲ್ಲದ ಸಾಲಿನಿಂದ ನಿಂತವು.

ಎಲ್ಲ 503ಗಳೂ ಹೀಗೆ ಮನೆಯೊಳಗಿನ ಕಸದಿಂದಲೇ ಬರುತ್ತವೆ ಎಂದಲ್ಲ. ಸಾಲಿನಲ್ಲಿ ನಿಂತವರೇ ಸುಳ್ಳು ಗಿರಾಕಿಗಳಾಗಿರಬಹುದು. ಆಸ್ತಿ ನೋಂದಣಿಯ ಕಾವೇರಿ 2.0 ವ್ಯವಸ್ಥೆ 2025ರ ಆರಂಭದಲ್ಲಿ ದಿನಗಟ್ಟಲೆ ನಿಂತು, ಉಪನೋಂದಣಾಧಿಕಾರಿ ಕಚೇರಿಗಳ ಮುಂದೆ ಜನ ಕಾದು ಕೂತದ್ದು ನೆನಪಿರಬಹುದು. ನಕಲಿ ಖಾತೆಗಳಿಂದ ಋಣಭಾರ ಪ್ರಮಾಣಪತ್ರದ ಹುಡುಕಾಟದ ಹೆಸರಿನಲ್ಲಿ ಎರಡೇ ಗಂಟೆಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಕೋರಿಕೆಗಳು ಬಂದು ಬಿದ್ದಿದ್ದವೆಂದು ಆಗ ಹೊರಬಂತು. ಖಾನಾವಳಿಯ ಸಾಲಿನಲ್ಲಿ ಹಸಿವಿಲ್ಲದವರನ್ನು ತಂದು ನಿಲ್ಲಿಸಿದರೆ ಹಸಿದವನಿಗೆ ಊಟ ಸಿಗದು. ಅಲ್ಲಿ ಮೆಮೊರಿ ಏರಿಸಿ ಪ್ರಯೋಜನವಿಲ್ಲ, ಯಾರು ಹಸಿದವರು ಎಂದು ಬಾಗಿಲಲ್ಲೇ ಗುರುತಿಸಬೇಕು.

ಕೆಲವೊಮ್ಮೆ ಅಣೆಕಟ್ಟಿನಲ್ಲೇ ತೊಂದರೆ. 2025ರ ಜುಲೈಯಲ್ಲಿ ಜಗತ್ತಿನ ನಾನಾ ಕಡೆ ಡಬ್ಲ್ಯುಸಸ್‌ಗಳು ಮೈಕ್ರೋಸಾಫ್ಟ್ ಜೊತೆ ಹೊಂದಿಸಿಕೊಳ್ಳಲಾರದೆ ಟೈಮ್‌ಔಟ್ ಎನ್ನತೊಡಗಿದವು. ತಪ್ಪು ಮೈಕ್ರೋಸಾಫ್ಟ್ ಕಡೆಯದು, ಸರಿಪಡಿಸಿದ್ದೂ ಅವರೇ. ಅಷ್ಟರೊಳಗೆ ತಮ್ಮ ಸರ್ವರ್ ಅಳಿಸಿ ಮತ್ತೆ ಹಚ್ಚಿಕೊಂಡವರೂ ಇದ್ದಾರು. ಪಾಪ.

ಇನ್ನು 2016ರದ್ದೊಂದು ಪ್ರಸಂಗ, ನೆನೆದರೆ ಈಗಲೂ ನಗು. ಆ ವರ್ಷ ಏಪ್ರಿಲ್‌ನಲ್ಲಿ ಬಂದ ಒಂದು ಅಪ್‌ಡೇಟ್ ಹಲವರ ಡಬ್ಲ್ಯುಸಸ್ ಅನ್ನೇ ಮಲಗಿಸಿತು. ಅದರ ಬದಲಿಗೆ ಮೇ ತಿಂಗಳಲ್ಲಿ ಕೆಬಿ 3159706 ಬಂತು. ಇದನ್ನು ಹಾಕಿದ ಮೇಲೂ ಕೈಯಾರೆ ಒಂದು ಆಜ್ಞೆ ಓಡಿಸಿ, ಎಚ್‌ಟಿಟಿಪಿ ಆ್ಯಕ್ಟಿವೇಶನ್ ಎಂಬ ಭಾಗವನ್ನು ಸೇರಿಸದಿದ್ದರೆ ಕನ್ಸೋಲ್ ತೆರೆಯುತ್ತಿರಲಿಲ್ಲ. ಊರಿಗೆಲ್ಲ ಔಷಧ ಹಂಚುವ ವೈದ್ಯ ತನ್ನದೇ ಗುಳಿಗೆ ನುಂಗಿ ಹಾಸಿಗೆ ಹಿಡಿದಂತೆ.

ಇಷ್ಟೆಲ್ಲ ರಗಳೆ ನೋಡಿದ ಆ ಸಂಸ್ಥೆಯ ಮ್ಯಾನೇಜರ್ ಆ ಬುಧವಾರ ಸಂಜೆ ಕೇಳಿದ್ದರು: ‘ಇದನ್ನ ತಗದ ಒಗದ್ರ ಏನಾಗ್ತದ್ರಿ? ಅಪ್‌ಡೇಟ್ ಇಲ್ದನೂ ಕಂಪ್ಯೂಟರ್ ನಡೀತಾವಲ್ಲ?’ ನಡೆಯುತ್ತವೆ, ಒಂದು ದಿನದ ತನಕ. 2017ರ ಮೇ 12ರಂದು ವನ್ನಾಕ್ರೈ ಎಂಬ ಕುತಂತ್ರಾಂಶ ಲೋಕದ ತುಂಬ ಆಸ್ಪತ್ರೆ, ಕಾರ್ಖಾನೆಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ತೇಪೆ ಬಿಟ್ಟದ್ದು ಮಾರ್ಚ್ 14ರಂದು. ಹೆಚ್ಚುಕಡಿಮೆ ಎರಡು ತಿಂಗಳು ತೇಪೆ ಇತ್ತು, ಹಚ್ಚಿರಲಿಲ್ಲ.

ಹಾಗಾದರೆ ಗೇಟು ತೆಗೆದು ಎಲ್ಲ ಕಂಪ್ಯೂಟರಿಗೂ ನೇರ ಬಿಟ್ಟುಬಿಡೋಣವೇ? 2024ರ ಜುಲೈ 19, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ನಮ್ಮ ಹೊತ್ತಿನ ಪ್ರಕಾರ ಬೆಳಿಗ್ಗೆ 9.39ಕ್ಕೆ ಒಂದು ಸಣ್ಣ ಫೈಲನ್ನು ತನ್ನ ಗ್ರಾಹಕರ ಯಂತ್ರಗಳಿಗೆ ಕಳಿಸಿತು. ಅದರಲ್ಲಿ ದೋಷವಿತ್ತು. 10.57ಕ್ಕೆ ಹಿಂದೆ ತೆಗೆದುಕೊಂಡಿತು. ಆ 78 ನಿಮಿಷದಲ್ಲಿ, ಮೈಕ್ರೋಸಾಫ್ಟ್ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಬಿದ್ದವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಚೆಕ್‌ಇನ್ ಕೆಟ್ಟು ಉದ್ದುದ್ದ ಸಾಲು ಬೆಳೆದವು. ದೇಶದ ಕೆಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಿಂದ ಬರೆದುಕೊಟ್ಟರು. ಫೈಲನ್ನು ಹಿಂದೆಗೆದದ್ದರಿಂದ ಬಿದ್ದ ಯಂತ್ರಗಳು ಏಳಲಿಲ್ಲ, ಎಷ್ಟೋ ಯಂತ್ರಗಳ ಮುಂದೆ ಒಬ್ಬೊಬ್ಬ ಮನುಷ್ಯ ಹೋಗಿ ಕೂರಬೇಕಾಯಿತು. ಆ ಫೈಲು ಡಬ್ಲ್ಯುಸಸ್ ಮೂಲಕ ಬಂದದ್ದಲ್ಲ, ಅದರ ದಾರಿಯಲ್ಲಿ ಮೊದಲು ನಾಲ್ಕಾರು ಯಂತ್ರಕ್ಕೆ ಬಿಟ್ಟು ನೋಡುವ ಗೇಟೇ ಇರಲಿಲ್ಲ. ಗೇಟಿನಲ್ಲಿ ಕೂತವನ ಅಧಿಕಾರದ ಬೆಲೆ ಎಂದೆನಲ್ಲ, ಅದು ಇದು.

ಮ್ಯಾನೇಜರಿಗೆ ಒಂದು ಮಾತು ಮಾತ್ರ ಹೇಳಿ ಬಂದೆ: ಈ ಯಂತ್ರ ಹೇಳಿದ್ದನ್ನು ನಿಮ್ಮ ಎಲ್ಲ ಕಂಪ್ಯೂಟರುಗಳೂ ಕಣ್ಣುಮುಚ್ಚಿ ನಂಬುತ್ತವೆ, ಆದ್ದರಿಂದ ಇದರ ಬಾಗಿಲು ಹೊರಜಗತ್ತಿಗೆ ತೆರೆದಿರಬಾರದು. ಅದು ಅತಿ ಎಚ್ಚರಿಕೆ ಎಂದು ಅವರಿಗೆ ಅನಿಸಿರಬೇಕು. 2025ರ ಅಕ್ಟೋಬರಿನಲ್ಲಿ ಡಬ್ಲ್ಯುಸಸ್‌ನಲ್ಲೇ ಒಂದು ಭಾರಿ ತೂತು ಕಂಡುಬಂತು. ಪಾಸ್‌ವರ್ಡ್ ಬೇಡ, ಯಾರ ಒಪ್ಪಿಗೆಯೂ ಬೇಡ, 8530ರ ಬಾಗಿಲಿಗೆ ಒಂದು ಕೆಟ್ಟ ಕೋರಿಕೆ ಕಳಿಸಿದರೆ ಸರ್ವರ್ ಕಳ್ಳನ ಕೈಗೆ. ಅಪಾಯದ ಅಂಕ ಹತ್ತಕ್ಕೆ 9.8. 14ರಂದು ಬಂದ ತೇಪೆ ಸಾಲದೆ, 23ರಂದು ಮಂಗಳವಾರಕ್ಕೆ ಕಾಯದೆ ಇನ್ನೊಂದನ್ನು ತುರ್ತಾಗಿ ಬಿಡಬೇಕಾಯಿತು. ತೇಪೆ ಹಾಕುವ ತನಕ 8530, 8531ನ್ನು ಮುಚ್ಚಿಡಿ ಎಂದು ಮೈಕ್ರೋಸಾಫ್ಟೇ ಹೇಳಿತು. ಹುಡುಗ ಮರುದಿನ ರಾತ್ರಿ ಫೋನ್ ಮಾಡಿದ್ದ. ಗೇಟ್ ಇಳಿಸಿ, ತೇಪೆ ಹಾಕಿ, ಆಮೇಲೆ ಎತ್ತಿದ್ದನಂತೆ. ನಂಬರನ್ನು ತಾನೇ ಓದಿ ಹೇಳಿದ, ನಾನು ಕೇಳುವ ಮೊದಲೇ.

ಕಾಕಾನ ಕಾಗದ ಐದನೆಯ ನಾಳೆಗೆ ಸಿಕ್ಕಿತು. ಪರದೆಯ ಮೇಲೆ ಏನು ನಂಬರ್ ಬಂದಿತ್ತೆಂದು ಆ ಸೇವಾ ಕೇಂದ್ರದ ಹುಡುಗನನ್ನು ಕೇಳಿದೆ. ‘ನಂಬರ್ ಯಾರ್ ನೋಡ್ತಾರ್ರಿ’ ಅಂದ. ಮುಂದಿನ ಸಲ ನಿಮಗೆ ಯಾರಾದರೂ ಸರ್ವರ್ ಇಲ್ಲ ಎಂದರೆ ದಯವಿಟ್ಟು ಆ ನಂಬರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ನಾವು ಹೂಳೆತ್ತಿದ ಆ ಸರ್ವರ್ ಇನ್ನೂ ಓಡುತ್ತಿದೆ. 2024ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಡಬ್ಲ್ಯುಸಸ್‌ಗೆ ಇನ್ನು ಹೊಸ ಸೌಲಭ್ಯ ಸೇರಿಸುವುದಿಲ್ಲ, ಇದ್ದದ್ದನ್ನು ನಡೆಸಿಕೊಂಡು ಹೋಗುತ್ತೇವೆ ಎಂದು ಸಾರಿದೆ. ನಮ್ಮ ಆ ಸರ್ವರ್ ಕೂತಿರುವುದು ವಿಂಡೋಸ್ ಸರ್ವರ್ 2016ರ ಮೇಲೆ. ಅದಕ್ಕೆ ಬೆಂಬಲ ಮುಗಿಯುವ ದಿನ 2027ರ ಜನವರಿ 12.